ಎಟಿಸಿ ಹೇಳಿದ ಎತ್ತರವೋ, ಸಿಡ್ ಚಾರ್ಟ್‌ನ ಎತ್ತರವೋ?

ಪ್ರಶ್ನೆ:
ನಮಸ್ಕಾರ, ನಾನು ಕಲಬುರಗಿಯವನು. 2019ರಲ್ಲಿ ನಮ್ಮೂರಿಗೆ ವಿಮಾನ ನಿಲ್ದಾಣ ಬಂದಾಗಿನಿಂದ ಕಂಪ್ಯೂಟರ್‌ನಲ್ಲಿ ವಿಮಾನ ಹಾರಿಸುವ ಸಿಮ್ಯುಲೇಟರ್ ಹುಚ್ಚು. ರಾತ್ರಿ ಸೆಕೆ ಸ್ವಲ್ಪ ಇಳಿದ ಮೇಲೆ ಏರ್‌ಬಸ್ ಎ320 ವಿಮಾನದಲ್ಲಿ ಬೆಂಗಳೂರಿನಿಂದ ಊರಿಗೆ ಬರುತ್ತೇನೆ. ನಿನ್ನೆ ಟೇಕಾಫ್ ಆದ ಕೂಡಲೇ ಎಟಿಸಿ (ವಿಮಾನ ಸಂಚಾರ ನಿಯಂತ್ರಣ) 10,000 ಅಡಿಗೆ ಏರಲು ಹೇಳಿತು. ಎತ್ತರದ ನಾಬ್ ಎಳೆದೆ, ಏರಿತು. ಆದರೆ ಸಿಡ್ ಚಾರ್ಟ್‌ನಲ್ಲಿ (ನಿಲ್ದಾಣದಿಂದ ಹೊರಡುವ ನಿಗದಿತ ಮಾರ್ಗದ ನಕ್ಷೆ) ಮೊದಲ ಪಾಯಿಂಟ್‌ಗೆ ಅದಕ್ಕಿಂತ ಕಡಿಮೆ ಮಿತಿ ಇತ್ತು. ಯಾರ ಮಾತು ಕೇಳಬೇಕು?

ಉತ್ತರ 1:
ಅಣ್ಣ, ಎರಡೂ ಕೇಳಬೇಕು. ನಾಬ್ ಎಳೆದರೆ ಓಪನ್ ಕ್ಲೈಂಬ್, ಅದು ನಡುವಿನ ಮಿತಿಗಳನ್ನು ನೋಡುವುದೇ ಇಲ್ಲ. 10,000 ಇಟ್ಟು ನಾಬ್ ಒತ್ತಿ. ಮಿತಿ ಇರುವಲ್ಲಿ ವಿಮಾನ ತಾನೇ ಸಮಕ್ಕೆ ನಿಂತು, ಪಾಯಿಂಟ್ ದಾಟಿದ ಮೇಲೆ ಮತ್ತೆ ಏರುತ್ತದೆ. ಮಿತಿ ರದ್ದು ಅಂತ ಎಟಿಸಿ ಬಾಯಿಬಿಟ್ಟು ಹೇಳಿದರೆ ಮಾತ್ರ ಸೀದಾ ಏರಿ. ಇನ್ನೊಂದು, ನ್ಯಾವ್ ಮೋಡ್ (ಕಂಪ್ಯೂಟರ್‌ಗೆ ಹಾಕಿದ ಮಾರ್ಗವನ್ನೇ ವಿಮಾನ ಹಿಡಿಯುವುದು) ಇರಲೇಬೇಕು. ಎಟಿಸಿ ಹೆಡಿಂಗ್ (ಹಾರಬೇಕಾದ ದಿಕ್ಕು) ಕೊಟ್ಟು ನೀವು ಅದಕ್ಕೆ ತಿರುಗಿದರೆ ಮತ್ತೆ ಓಪನ್ ಕ್ಲೈಂಬ್‌ಗೆ ಬೀಳುತ್ತದೆ. ನಾನು ಇದನ್ನು ಕಲಿಯಲು ತಿಂಗಳು ಹಿಡಿಯಿತು.

ಉತ್ತರ 2:
ಬೀದರ್‌ನಿಂದ. ಚಾರ್ಟ್‌ನಲ್ಲಿ ಅಂಕಿಯ ಕೆಳಗೆ ಗೆರೆ ಇದ್ದರೆ ಅದಕ್ಕಿಂತ ಕೆಳಗೆ ಹಾರಬಾರದು. ಮೇಲೆ ಗೆರೆ ಇದ್ದರೆ ಮೀರಬಾರದು. ಎರಡೂ ಇದ್ದರೆ ಸರಿಯಾಗಿ ಅಷ್ಟೇ.

ಪ್ರಶ್ನೆ ಕೇಳಿದವರು:
ಈಗಷ್ಟೇ ಒತ್ತಿ ನೋಡಿದೆ, ಮಿತಿಯಲ್ಲೇ ನಿಂತಿತು! ತುಂಬಾ ಖುಷಿ ಆಯ್ತು ಅಣ್ಣ.