ಎರಡು ವರ್ಷಕ್ಕೊಮ್ಮೆ ತೆರೆಯುವ ಬಾಗಿಲಿಗಾಗಿ ಕಾಯಬೇಕೇ?

ಪ್ರಶ್ನೆ (ಅಂತಿಮ ವರ್ಷದ ವಿದ್ಯಾರ್ಥಿನಿ, ಕೆಂಗೇರಿ)

ನಾನು ಬೆಂಗಳೂರಿನ ಕಾಲೇಜೊಂದರಲ್ಲಿ ಸಸ್ಯಶಾಸ್ತ್ರ, ಪ್ರಾಣಿಶಾಸ್ತ್ರಗಳೊಂದಿಗೆ ಬಿ.ಎಸ್‌ಸಿ ಅಂತಿಮ ವರ್ಷದಲ್ಲಿದ್ದೇನೆ. ಚನ್ನಪಟ್ಟಣದ ಕಡೆಯ ನಮ್ಮೂರಿನಲ್ಲಿ ಆನೆಗಳು ರಾಗಿ ಹೊಲಕ್ಕೆ ಇಳಿಯುವುದನ್ನು ನೋಡುತ್ತಲೇ ಬೆಳೆದ ಕಾರಣಕ್ಕೋ ಏನೋ, ವನ್ಯಜೀವಿ ಸಂರಕ್ಷಣೆಯನ್ನೇ ಓದಬೇಕೆಂಬ ಆಸೆ ಮೊದಲಿನಿಂದಲೂ ಇದೆ. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದ ಜಿಕೆವಿಕೆ ಆವರಣದಲ್ಲಿರುವ ರಾಷ್ಟ್ರೀಯ ಜೈವಿಕ ವಿಜ್ಞಾನಗಳ ಕೇಂದ್ರ, ಅಂದರೆ ಎನ್‌ಸಿಬಿಎಸ್‌ನ ವನ್ಯಜೀವಿ ಸ್ನಾತಕೋತ್ತರ ಕೋರ್ಸಿಗೆ ಎರಡು ವರ್ಷಕ್ಕೊಮ್ಮೆ ಮಾತ್ರ ಪ್ರವೇಶವಿದ್ದು, ನಾನು ಪದವಿ ಮುಗಿಸುವ ವರ್ಷ ಅದು ತೆರೆಯುವುದಿಲ್ಲ. ಒಂದು ವರ್ಷ ಕಾಯುವುದೇ ಅಥವಾ ಈಗಲೇ ಪ್ರಾಣಿಶಾಸ್ತ್ರದ ಎಂ.ಎಸ್‌ಸಿಗೆ ಸೇರಿಕೊಳ್ಳುವುದೇ ಎಂಬುದು ನನ್ನ ಮುಖ್ಯ ಗೊಂದಲ. ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವಳು ನಾನು. ಪಿಯುಸಿಯಲ್ಲಿಯೇ ಗಣಿತವನ್ನು ಕೈಬಿಟ್ಟಿದ್ದೇನೆ. ಇವೆರಡೂ ಅಡ್ಡಿಯಾಗುತ್ತವೆಯೇ? ಓದು ಮುಗಿದ ಮೇಲೆ ಸಂಬಳ ಯಾರು ಕೊಡುತ್ತಾರೆಂದು ಮನೆಯಲ್ಲಿ ಕೇಳುತ್ತಿದ್ದಾರೆ. ಅದಕ್ಕೂ ನನ್ನಲ್ಲಿ ಉತ್ತರವಿಲ್ಲ.

ಉತ್ತರ 1 (ಕ್ಷೇತ್ರ ಸಂಶೋಧಕ, ಯಲಹಂಕ)

ಕಾಯಬಹುದು, ಆದರೆ ಸುಮ್ಮನೆ ಕುಳಿತು ಕಾಯಬಾರದು. 2004ರಲ್ಲಿ ಆರಂಭವಾದ ಆ ಕೋರ್ಸಿಗೆ ಪ್ರತಿ ತಂಡದಲ್ಲಿ ಹದಿನೈದರ ಆಸುಪಾಸಿನಷ್ಟು ಮಂದಿಯನ್ನಷ್ಟೇ ತೆಗೆದುಕೊಳ್ಳುತ್ತಾರೆ. ಎಂಜಿನಿಯರಿಂಗ್, ವೈದ್ಯಕೀಯ ಓದಿದವರೂ ಪೈಪೋಟಿಗೆ ಇರುತ್ತಾರೆ. ಹೀಗಿರುವಾಗ ಪ್ರಾಣಿಶಾಸ್ತ್ರದ ಅಂಕಗಳೊಂದೇ ನಿಮ್ಮ ಕೈ ಹಿಡಿಯುವುದಿಲ್ಲ. ಅದೊಂದನ್ನೇ ನಂಬಿಕೊಳ್ಳದೆ ಡೆಹ್ರಾಡೂನಿನ ಭಾರತೀಯ ವನ್ಯಜೀವಿ ಸಂಸ್ಥೆಯನ್ನೂ, ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯದ ವನ್ಯಜೀವಿ ವಿಭಾಗವನ್ನೂ ವಿಚಾರಿಸಿ ನೋಡಿ.

ಗಣಿತದ ವಿಚಾರವನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕು, ಏಕೆಂದರೆ ಈ ಓದಿಗೆ ಬರುವ ಹೆಚ್ಚಿನವರು ಎಡವುವುದೇ ಅಲ್ಲಿ. ಹಿಂದೆ ಹುಲಿಗಳನ್ನು ಹೆಜ್ಜೆಗುರುತುಗಳಿಂದ ಎಣಿಸುತ್ತಿದ್ದರು. ಒಂದೇ ಹುಲಿಯ ಹೆಜ್ಜೆ ಮರಳಿನಲ್ಲಿ ಒಂದು ಬಗೆ, ಕೆಸರಿನಲ್ಲಿ ಇನ್ನೊಂದು ಬಗೆ ಮೂಡುವುದರಿಂದ ಆ ಲೆಕ್ಕ ನಂಬುವಂತಿರಲಿಲ್ಲ. ರಾಜಸ್ಥಾನದ ಸರಿಸ್ಕಾದಲ್ಲಿ ಕಾಗದದ ಮೇಲೆ ಹುಲಿಗಳಿದ್ದವು. 2005ರ ಹೊತ್ತಿಗೆ ಕಾಡಿನಲ್ಲಿ ಒಂದೂ ಉಳಿದಿರಲಿಲ್ಲ. ಅದಕ್ಕೂ ಮುಂಚೆ, 1990ರ ದಶಕದಲ್ಲಿಯೇ, ವನ್ಯಜೀವಿ ವಿಜ್ಞಾನಿ ಉಲ್ಲಾಸ ಕಾರಂತರು ನಾಗರಹೊಳೆಯಲ್ಲಿ, ಪ್ರಾಣಿ ಸುಳಿದಾಗ ತಾನಾಗಿಯೇ ಚಿತ್ರ ತೆಗೆಯುವ ಕ್ಯಾಮೆರಾ ಟ್ರ್ಯಾಪ್‌ಗಳನ್ನು ಕಟ್ಟಿ, ಪ್ರತಿ ಹುಲಿಯ ಪಟ್ಟೆ ಬೇರೆ ಬೇರೆ ಎಂಬ ಆಧಾರದ ಮೇಲೆ ಸಂಖ್ಯೆಯನ್ನು ಅಂದಾಜಿಸುವ ವಿಧಾನವನ್ನು ತೋರಿಸಿಕೊಟ್ಟಿದ್ದರು. ಅದರ ತಿರುಳು ಇಷ್ಟೇ: ಮೊದಲ ಸುತ್ತಿನಲ್ಲಿ 20 ಹುಲಿಗಳ ಚಿತ್ರ ಸಿಕ್ಕಿ, ಎರಡನೆಯ ಸುತ್ತಿನಲ್ಲಿ ಸಿಕ್ಕ 20ರಲ್ಲಿ 10 ಹಳೆಯವೇ ಆಗಿದ್ದರೆ, ಮೊದಲ ಸುತ್ತು ಒಟ್ಟು ಹುಲಿಗಳ ಅರ್ಧವನ್ನಷ್ಟೇ ಹಿಡಿದಿತ್ತೆಂದು ತಿಳಿಯಬಹುದು, ಅಂದರೆ ಸುಮಾರು 40 ಹುಲಿಗಳಿವೆ. ನಿಜವಾದ ಲೆಕ್ಕ ಇದಕ್ಕಿಂತ ಬಹಳ ಜಟಿಲವಾಗಿರುತ್ತದೆಯಾದರೂ, ಈ ಮೂರು ಸಾಲು ಅರ್ಥವಾದವರಿಗೆ ಸಂಖ್ಯಾಶಾಸ್ತ್ರದ ಭಯ ಬೇಡ. ಬಿಡುವಿನ ವರ್ಷದಲ್ಲಿ ಸಂಭವನೀಯತೆಯ ಮೂಲ ಪಾಠಗಳನ್ನೂ, ಅಂಕಿಅಂಶಗಳ ವಿಶ್ಲೇಷಣೆಗೆ ಉಚಿತವಾಗಿ ಸಿಗುವ ‘ಆರ್’ ಎಂಬ ತಂತ್ರಾಂಶವನ್ನೂ ಕಲಿತುಕೊಳ್ಳಿ.

ಕಣ್ಣಿನ ಅಭ್ಯಾಸಕ್ಕೆ ಬೆಂಗಳೂರೇ ಸಾಕು. ತಿಂಗಳ ಎರಡನೆಯ ಭಾನುವಾರ ಲಾಲ್‌ಬಾಗಿನಲ್ಲಿ ಪಕ್ಷಿವೀಕ್ಷಕರು ಸೇರುವ ರೂಢಿ ದಶಕಗಳಷ್ಟು ಹಳೆಯದು. ಹೆಸರಘಟ್ಟದ ಹುಲ್ಲುಗಾವಲಿದೆ. ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದ ಮರಗಳಲ್ಲಿ ಕಾಡುಪಾಪಗಳೇ (ರಾತ್ರಿ ಸಂಚರಿಸುವ ಪುಟ್ಟ ಲೋರಿಸ್) ಇವೆ. ಹುಲಿಯ ಬೆನ್ನು ಹತ್ತಿ ಸಫಾರಿಗೆ ಹಣ ಸುರಿಯುವವರನ್ನು ಕಂಡರೆ ನನಗೇಕೋ ಬೇಸರವಾಗುತ್ತದೆ.

ಉತ್ತರ 2 (ಬಿಳಿಗಿರಿರಂಗನ ಬೆಟ್ಟದಲ್ಲಿ ಕೆಲಸ ಮಾಡಿದವಳು, ಈಗ ಬೆಂಗಳೂರು)

ಮೇಲಿನವರು ಹೇಳಿದ್ದನ್ನು ಒಪ್ಪುತ್ತೇನೆ, ಆದರೆ ಭಾಷೆಯ ಪ್ರಶ್ನೆಯನ್ನು ಅವರು ಹಾಗೆಯೇ ಬಿಟ್ಟಿದ್ದಾರೆ. ಪ್ರಬಂಧಗಳನ್ನು ಓದಲು, ಬರೆಯಲು ಇಂಗ್ಲಿಷ್ ಬೇಕೇ ಬೇಕು, ಅದು ಒಂದೆರಡು ವರ್ಷಗಳಲ್ಲಿ ಕೈಗೆ ಹತ್ತುತ್ತದೆ. ಕಾಡಂಚಿನ ಜನರೊಂದಿಗೆ ಕುಳಿತು ಮಾತನಾಡಬಲ್ಲ ಕನ್ನಡ ಹಾಗೆ ಬರುವಂಥದ್ದಲ್ಲ, ಮತ್ತು ಅದು ನಿಮ್ಮಲ್ಲಿ ಈಗಾಗಲೇ ಇದೆ.

ಒಂದು ಉದಾಹರಣೆ ಕೊಡುತ್ತೇನೆ. ಬೆಟ್ಟದ ಸೋಲಿಗ ಬುಡಕಟ್ಟಿನವರು ಹಿಂದೆ ಬೇಸಿಗೆಯ ಆರಂಭದಲ್ಲಿ ನೆಲದ ಒಣ ಎಲೆಗಳಿಗೆ ಸಣ್ಣದಾಗಿ ಬೆಂಕಿ ಹಾಕುತ್ತಿದ್ದರು. ಅದನ್ನು ತರಗು ಬೆಂಕಿ ಎನ್ನುತ್ತಾರೆ. ಕಾಡು ಸಂರಕ್ಷಿತ ಪ್ರದೇಶವಾದ ಮೇಲೆ ಆ ಪದ್ಧತಿ ನಿಂತುಹೋಯಿತು. ಲಂಟಾನ ಎಂಬ ಕಳೆಪೊದೆ ಇಷ್ಟು ದಟ್ಟವಾಗಿ ಹಬ್ಬಿದ್ದಕ್ಕೆ ಅದೂ ಒಂದು ಕಾರಣವೆಂದು ಹಿರಿಯ ಸೋಲಿಗರು ಹೇಳುತ್ತಾರೆ, ಸಂಶೋಧಕರೂ ಆ ವಾದವನ್ನು ಗಂಭೀರವಾಗಿ ಪರಿಶೀಲಿಸಿದ್ದಾರೆ. ಬರೀ ಪ್ರಶ್ನಾವಳಿ ಹಿಡಿದು, ದುಭಾಷಿಯನ್ನು ಪಕ್ಕಕ್ಕೆ ಕೂರಿಸಿಕೊಂಡು ಹೋದವರಿಗೆ ‘ಬೆಂಕಿ ಹಾಕುತ್ತಿದ್ದಿರಾ?’ ಎಂಬುದಕ್ಕೆ ‘ಇಲ್ಲ’ ಎಂಬ ಉತ್ತರವೇ ಸಿಗುತ್ತದೆ. ಕೇಸು ಬೀಳುವ ಭಯ ಯಾರಿಗಿಲ್ಲ?

ಇನ್ನೊಂದು ಮಾತು. ವನ್ಯಜೀವಿ ಸಂರಕ್ಷಣಾ ಕಾಯ್ದೆ, 1972ರ ಪ್ರಕಾರ ಅಭಯಾರಣ್ಯದೊಳಗೆ ಅಧ್ಯಯನ ಮಾಡಲು ಮುಖ್ಯ ವನ್ಯಜೀವಿ ಪರಿಪಾಲಕರ ಅನುಮತಿ ಬೇಕು. ಅದು ತಡವಾಗಿ ಬಂದು ಒಂದಿಡೀ ಋತು ಕೈತಪ್ಪಿದ ಅನುಭವ ನನಗಿದೆ. ಆದ್ದರಿಂದ ಮೊದಲ ಅಧ್ಯಯನವನ್ನು ಕಾಡಿನ ಹೊರಗೆ, ಕೆರೆಯಲ್ಲೋ ಹೊಲದಲ್ಲೋ ಇಟ್ಟುಕೊಳ್ಳುವುದು ಜಾಣತನ.

ಉತ್ತರ 3 (ನಿವೃತ್ತ ಉಪನ್ಯಾಸಕ, ಬಸವನಗುಡಿ)

ಸಂಬಳದ ಪ್ರಶ್ನೆಯನ್ನು ಯಾರೂ ಮುಟ್ಟಲಿಲ್ಲ. ಸಂಶೋಧನಾ ಸಂಸ್ಥೆಗಳಲ್ಲಿ ಆರಂಭದ ಕೆಲಸಗಳೆಲ್ಲ ಯೋಜನೆಯ ಅವಧಿಗೆ ಸೀಮಿತ. ಯೋಜನೆ ಮುಗಿದರೆ ಕೆಲಸವೂ ಮುಗಿಯಿತು. ಸ್ಥಿರವಾದ ಹುದ್ದೆ ಬೇಕೆಂದರೆ ಪಿಎಚ್.ಡಿ.ಯವರೆಗೆ ಹೋಗಬೇಕು, ಇಲ್ಲವೇ ಭಾರತೀಯ ಅರಣ್ಯ ಸೇವೆಯ ಪರೀಕ್ಷೆಗೆ ಕೂರಬೇಕು. ಅದಕ್ಕೆ ಪ್ರಾಣಿಶಾಸ್ತ್ರದ ಪದವಿ ಸಾಕು, ಪೂರ್ವಭಾವಿ ಪರೀಕ್ಷೆಯೂ ಐಎಎಸ್‌ನವರಿಗೆ ಇರುವುದೇ. ಹಾಗಾಗಿ ಎಂ.ಎಸ್‌ಸಿಗೆ ಈಗಲೇ ಸೇರುವುದು ಲೇಸೆಂದು ನನ್ನ ಅಭಿಪ್ರಾಯ. ಕೈಯಲ್ಲಿ ಅದೊಂದಿದ್ದರೆ ಬೋಧನೆಯ ದಾರಿಯೂ ತೆರೆದಿರುತ್ತದೆ.

ಪ್ರಶ್ನೆ ಕೇಳಿದವರಿಂದ

ಎಲ್ಲರಿಗೂ ಧನ್ಯವಾದಗಳು. ಒಂದು ವರ್ಷ ಕಾಯುವುದೆಂದು ಬಹುಮಟ್ಟಿಗೆ ನಿರ್ಧರಿಸಿದ್ದೇನೆ, ಉಪನ್ಯಾಸಕರು ಬೇಸರಿಸಬಾರದು. ಆ ಅವಧಿಯಲ್ಲಿ ನಮ್ಮೂರಿನ ಹೊಲಗಳಿಗೆ ಆನೆ ಬಂದ ದಿನಾಂಕ, ಬೆಳೆ, ಹಿಂಡಿನಲ್ಲಿದ್ದ ಆನೆಗಳ ಸಂಖ್ಯೆ, ಆದ ನಷ್ಟ, ಇವುಗಳನ್ನು ಬರೆದಿಡೋಣವೆಂದಿದ್ದೇನೆ. ಇದು ಅಧ್ಯಯನವೆನಿಸಿಕೊಳ್ಳುತ್ತದೆಯೇ?

ಉತ್ತರ 1 ಬರೆದವರಿಂದ

ಖಂಡಿತ ಆಗುತ್ತದೆ, ಒಂದು ತಿದ್ದುಪಡಿಯೊಂದಿಗೆ. ಆನೆ ಬಾರದ ರಾತ್ರಿಗಳನ್ನೂ ಬರೆದಿಡಿ. ಅಂದು ಯಾವ ಹೊಲದಲ್ಲಿ ಕಾವಲಿತ್ತು, ರಾಗಿ ತೆನೆ ಕಟ್ಟಿತ್ತೇ, ಕೊಯ್ಲಾಗಿತ್ತೇ, ಮಳೆ ಬಂದಿತ್ತೇ, ಬೆಳದಿಂಗಳಿತ್ತೇ ಎಂಬುದೂ ಇರಲಿ. ಬಂದ ದಿನಗಳ ಪಟ್ಟಿಯೊಂದರಿಂದ ಅವು ಏಕೆ ಬಂದವೆಂದು ಹೇಳಲಾಗುವುದಿಲ್ಲ. ರಾತ್ರಿ ನೀವೇ ಹೊಲಕ್ಕೆ ಹೋಗಿ ನಿಲ್ಲಬೇಡಿ, ಬೆಳಿಗ್ಗೆ ಕಾವಲಿನವರನ್ನು ಕೇಳಿ ಬರೆದುಕೊಂಡರೆ ಸಾಕು.