ಐದು ವಾರ ಊರಿಗೆ ಹೋಗಿ ಬರುವಷ್ಟರಲ್ಲಿ ಕೊಂಬಿನ ಕಪ್ಪೆ ಒಣ ಪೊರೆಯೊಳಗೆ ನಿಶ್ಚಲ: ತೊಟ್ಟಿಯಲ್ಲಿ ಏನು ತಪ್ಪಾಗಿದೆ?

ಚಿಗುರು ಬರೆಯುತ್ತಾರೆ:

ಎಲ್ಲರಿಗೂ ನಮಸ್ಕಾರ. ನಾವು ಅಮೆರಿಕದ ಮಿನ್ನೆಸೋಟ ರಾಜ್ಯದಲ್ಲಿದ್ದೇವೆ. ಮಗಳ ಹಟಕ್ಕೆ ಮಣಿದು ಒಂದೂವರೆ ವರ್ಷದ ಹಿಂದೆ ಕೊಂಬಿನ ಕಪ್ಪೆಯೊಂದನ್ನು ತಂದೆವು. ಇಲ್ಲಿನ ಅಂಗಡಿಗಳಲ್ಲಿ ಇದನ್ನು ಪ್ಯಾಕ್‌ಮ್ಯಾನ್ ಕಪ್ಪೆ ಎನ್ನುತ್ತಾರೆ. ನಮ್ಮದು ಕ್ರ್ಯಾನ್‌ವೆಲ್ ಜಾತಿಯದು, ಹೆಣ್ಣು, ಈಗ ಸುಮಾರು 9 ಸೆಂಟಿಮೀಟರ್ ಉದ್ದವಿದೆ. ಡಿಸೆಂಬರ್‌ನಲ್ಲಿ ಐದು ವಾರ ಹಾಸನಕ್ಕೆ ಹೋಗಿದ್ದಾಗ ಪಕ್ಕದ ಮನೆಯ ಸ್ನೇಹಿತರು ವಾರಕ್ಕೊಮ್ಮೆ ಬಂದು ನೀರು ಸಿಂಪಡಿಸಿ ಹುಳು ಹಾಕುತ್ತಿದ್ದರು. ಕಡೆಯ ಎರಡು ವಾರ ಕಪ್ಪೆ ಮೇಲೆ ಬರಲೇ ಇಲ್ಲವೆಂದು ಅವರು ತಿಳಿಸಿದ್ದರು. ನಿನ್ನೆ ರಾತ್ರಿ ಬಂದೊಡನೆ ಕೆದಕಿ ನೋಡಿದರೆ, ಕಪ್ಪೆ ತೊಟ್ಟಿಯ ತಳದ ಗಾಜಿಗೆ ಅಂಟಿಕೊಂಡಂತೆ ಕುಳಿತಿದೆ. ಮೈತುಂಬ, ಕಣ್ಣುಗಳ ಮೇಲೂ, ಒಣಗಿದ ಈರುಳ್ಳಿ ಸಿಪ್ಪೆಯಂಥ ಹೊದಿಕೆಯಿದೆ. ಮುಟ್ಟಿದರೆ ಅಲುಗುವುದಿಲ್ಲ. ಬಹಳ ಹೊತ್ತು ದಿಟ್ಟಿಸಿದಾಗ ಪಕ್ಕೆ ಒಮ್ಮೆ ಸಣ್ಣಗೆ ಉಬ್ಬಿದಂತೆ ಕಂಡಿತು.

ತೊಟ್ಟಿ 10 ಗ್ಯಾಲನ್‌ನದು. ತಳದಲ್ಲಿ ಒಂದಿಂಚು ಮರದ ತೊಗಟೆಯ ಚೂರು, ಮೇಲೆ ಜಾಲರಿಯ ಮುಚ್ಚಳ, ತೊಟ್ಟಿಯ ಅಡಿಯಲ್ಲಿ ಹೀಟ್ ಮ್ಯಾಟ್ (ವಿದ್ಯುತ್ತಿನಿಂದ ಬಿಸಿಯಾಗುವ ಹಾಳೆ) ಇವೆ. ಮುಳ್ಳಿನ ಮಾಪಕ 30 ಶೇಕಡ ತೇವಾಂಶ ತೋರಿಸುತ್ತಿದೆ. ಮಗಳು ರಾತ್ರಿಯಿಂದ ಅಳುತ್ತಿದ್ದಾಳೆ. ಕಪ್ಪೆ ಬದುಕಿದೆಯೇ? ಈಗ ಏನು ಮಾಡಬೇಕು?

ತುಂತುರು ಬರೆಯುತ್ತಾರೆ:

ಅದು ಕಳಚದೆ ಉಳಿದ ಪೊರೆಯಿರಬೇಕು. ನನ್ನ ಗೆಕ್ಕೊ ಹಲ್ಲಿಗೂ ಹೀಗೆಯೇ ಆಗಿತ್ತು. ಒದ್ದೆ ಹತ್ತಿಯಿಂದ ಒರೆಸಿ, ಚಿಮಟದಿಂದ ಮೆಲ್ಲನೆ ಬಿಡಿಸಿ ತೆಗೆದರೆ ಸರಿಹೋಗಬಹುದು.

ಕೆರೆದಂಡೆ ಬರೆಯುತ್ತಾರೆ:

ಚಿಗುರು ಅವರೇ, ದಯವಿಟ್ಟು ಆ ಹೊದಿಕೆಯನ್ನು ಕೈಯಿಂದ ಬಿಡಿಸಬೇಡಿ. ತುಂತುರು ಅವರ ಕಾಳಜಿ ನನಗೆ ಅರ್ಥವಾಗುತ್ತದೆ, ಆದರೆ ಹಲ್ಲಿಯ ಪೊರೆಗೂ ಇದಕ್ಕೂ ವ್ಯತ್ಯಾಸವಿದೆ. ನಿಮ್ಮ ಕಪ್ಪೆಯ ಮೂಲ ನೆಲೆ ದಕ್ಷಿಣ ಅಮೆರಿಕದ ಗ್ರಾನ್ ಚಾಕೊ, ಅಂದರೆ ಅರ್ಜೆಂಟೀನ, ಪರಾಗ್ವೆ, ಬೊಲಿವಿಯ ಮತ್ತು ಬ್ರೆಜಿಲ್‌ಗಳಿಗೆ ಹರಡಿಕೊಂಡಿರುವ ಬಯಲು. ಅಲ್ಲಿ ತಿಂಗಳುಗಟ್ಟಲೆ ಮಳೆಯಿಲ್ಲದೆ ನೆಲ ಒಣಗಿದಾಗ ಈ ಕಪ್ಪೆ ಮಣ್ಣಿನೊಳಗೆ ಇಳಿದು, ಚರ್ಮದ ಹೊರಪದರಗಳನ್ನು ಕಳಚಿ ಎಸೆಯದೆ ಒಂದರ ಮೇಲೊಂದು ಹೊದ್ದುಕೊಂಡು, ಮೂಗಿನ ಹೊಳ್ಳೆಗಳಷ್ಟನ್ನೇ ತೆರೆದಿಟ್ಟು ನಿದ್ರಿಸುತ್ತದೆ. ಒಳಗಿನ ನೀರು ಆರದಂತೆ ಕಾಯುವ ಕೋಶವದು. ನಮ್ಮೂರಿನ ಗೂಳಿಗಪ್ಪೆಗಳು ಬೇಸಿಗೆಯಿಡೀ ನೆಲದಡಿ ಅಡಗಿದ್ದು ಮುಂಗಾರಿನ ಮೊದಲ ಮಳೆಗೆ ಗದ್ದೆಯಲ್ಲಿ ಎದ್ದು ಕೂಗುವುದನ್ನು ಹಾಸನದವರಾದ ತಾವು ಖಂಡಿತ ಕೇಳಿರುತ್ತೀರಿ. ಇದೂ ಮಳೆಗಾಗಿಯೇ ಕಾಯುತ್ತಿದೆ. ಪಕ್ಕೆ ಉಬ್ಬಿದ್ದನ್ನು ನೀವು ಕಂಡಿದ್ದರೆ ಅದು ಬದುಕಿದೆ.

ಈಗ ಮಾಡಬೇಕಾದದ್ದು ಇಷ್ಟು. ಅಗಲವಾದ ಡಬ್ಬಿಯೊಂದರಲ್ಲಿ 25 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸಿನ ನೀರನ್ನು, ಕಪ್ಪೆಯ ಹೊಟ್ಟೆ ಮಾತ್ರ ನೆನೆಯುವಷ್ಟು ಹಾಕಿ, ಅದನ್ನು ಮೆಲ್ಲನೆ ಅದರಲ್ಲಿ ಕೂರಿಸಿ. ನೀರು ಎಂದೂ ಮೂಗಿನ ಮಟ್ಟಕ್ಕೆ ಬರಬಾರದು. ಈ ಕಪ್ಪೆಗಳು ಈಜಿನಲ್ಲಿ ಬಹಳ ದುರ್ಬಲ, ನಿದ್ರೆಯಲ್ಲಿರುವಾಗಲಂತೂ ಮುಳುಗಿಯೇ ಹೋಗುತ್ತವೆ. ಕಪ್ಪೆ ಬಾಯಿಯಿಂದ ನೀರು ಕುಡಿಯುವುದಿಲ್ಲ, ಹೊಟ್ಟೆ ಮತ್ತು ತೊಡೆಯ ಅಡಿಭಾಗದ ಚರ್ಮದಿಂದ ಹೀರಿಕೊಳ್ಳುತ್ತದೆ. ಆದ್ದರಿಂದ ಬೆನ್ನಿನ ಮೇಲೆ ಸುರಿಯುವುದಕ್ಕಿಂತ ಅಡಿಯಿಂದ ನೆನೆಸುವುದೇ ಮುಖ್ಯ. ಡಬ್ಬಿಯನ್ನು ಅರೆಗತ್ತಲೆಯಲ್ಲಿಟ್ಟು ಕಾಯಿರಿ. ಪೊರೆ ಮೆತ್ತಗಾದ ಮೇಲೆ ಕಪ್ಪೆ ತಾನೇ ಮೈ ಹೊರಳಿಸಿ ಅದನ್ನು ಬಾಯಿಗೆ ಎಳೆದು ನುಂಗುತ್ತದೆ. ನೋಡಲು ಗಾಬರಿಯಾಗಬಹುದು, ಆದರೆ ಅದು ಸಹಜ. ಎರಡು ದಿನದಲ್ಲಿ ಚಲನೆ ಕಾಣದಿದ್ದರೆ, ಅಥವಾ ಹೊಟ್ಟೆ, ತೊಡೆಗಳು ಕೆಂಪಾಗಿದ್ದರೆ, ಉಭಯಚರಗಳನ್ನು ನೋಡುವ ಪಶುವೈದ್ಯರಲ್ಲಿಗೆ ತಡಮಾಡದೆ ಒಯ್ಯಿರಿ.

ಒಂದು ಪ್ರಶ್ನೆ: ನಲ್ಲಿ ನೀರನ್ನು ಹೇಗೆ ಸಿದ್ಧಪಡಿಸುತ್ತೀರಿ?

ತುಂತುರು ಬರೆಯುತ್ತಾರೆ:

ನನ್ನ ಸಲಹೆಯನ್ನು ಹಿಂತೆಗೆದುಕೊಳ್ಳುತ್ತೇನೆ. ಕೆರೆದಂಡೆ ಅವರು ಹೇಳಿದಂತೆಯೇ ಮಾಡಿ.

ಚಿಗುರು ಬರೆಯುತ್ತಾರೆ:

ಬೆಳಗ್ಗೆ ಹತ್ತಕ್ಕೆ ನೀರಿನಲ್ಲಿ ಕೂರಿಸಿದೆವು. ಮಧ್ಯಾಹ್ನದ ಹೊತ್ತಿಗೆ ಒಂದು ಕಣ್ಣು ತೆರೆಯಿತು. ಸಂಜೆ ಆರರ ಸುಮಾರಿಗೆ ಬೆನ್ನು ಬಾಗಿಸಿ, ಕಾಲುಗಳಿಂದ ಉಜ್ಜಿ, ಇಡೀ ಹೊದಿಕೆಯನ್ನು ನುಂಗಿತು. ಮಗಳು ಪಕ್ಕದಲ್ಲೇ ಕುಳಿತು ನೋಡಿದಳು. ನಿಮಗೆ ಹೇಗೆ ಕೃತಜ್ಞತೆ ಹೇಳಬೇಕೋ ತಿಳಿಯದು.

ನಲ್ಲಿ ನೀರನ್ನು ಬಕೆಟ್‌ನಲ್ಲಿ ಒಂದು ರಾತ್ರಿ ಇಟ್ಟು ಬಳಸುತ್ತಿದ್ದೇವೆ. ಊರಿನಲ್ಲಿ ಮೀನಿನ ತೊಟ್ಟಿಗೆ ಹಾಗೆಯೇ ಮಾಡುತ್ತಿದ್ದೆವು. ಇನ್ನು ಮತ್ತೆ ಹೀಗಾಗದಂತೆ ತೊಟ್ಟಿಯನ್ನು ಹೇಗೆ ಸರಿಪಡಿಸಲಿ?

ಕೆರೆದಂಡೆ ಬರೆಯುತ್ತಾರೆ:

ಓದಿ ಮನಸ್ಸು ಹಗುರವಾಯಿತು. ನೀರಿನಿಂದಲೇ ಆರಂಭಿಸುತ್ತೇನೆ. ಒಂದು ರಾತ್ರಿ ಇಟ್ಟರೆ ಕ್ಲೋರಿನ್ ಬಹುಮಟ್ಟಿಗೆ ಹೊರಟುಹೋಗುತ್ತದೆ, ಆದರೆ ಅಮೆರಿಕದ ಅನೇಕ ನಗರಗಳ ನೀರಿನಲ್ಲಿರುವ ಕ್ಲೋರಮೈನ್ (ಕ್ಲೋರಿನ್ ಮತ್ತು ಅಮೋನಿಯ ಸೇರಿದ ಸೋಂಕುನಾಶಕ) ಹಾಗೆ ಹೋಗುವುದಿಲ್ಲ. ಮೀನಿನ ಅಂಗಡಿಯಲ್ಲಿ ಸಿಗುವ, ಕ್ಲೋರಮೈನ್‌ಗೂ ಆಗುತ್ತದೆಂದು ಬರೆದಿರುವ ವಾಟರ್ ಕಂಡೀಷನರ್ ಹಾಕಿಯೇ ಬಳಸಿ.

ನಿಮ್ಮ ತೊಟ್ಟಿಯ ದೊಡ್ಡ ದೋಷ ಹೀಟ್ ಮ್ಯಾಟ್ ಇರುವ ಜಾಗ. ನೆಲ ಬಿಸಿಯಾದಾಗ ಕೆಳಗೆ ತೋಡಿದರೆ ತಂಪು ಸಿಗುತ್ತದೆಂಬುದು ಈ ಕಪ್ಪೆಯ ಹುಟ್ಟುಗುಣ. ನಿಮ್ಮ ತೊಟ್ಟಿಯಲ್ಲಿ ಅದು ತೋಡಿದಷ್ಟೂ ಬಿಸಿಯ ಹತ್ತಿರಕ್ಕೆ ಹೋಗಿದೆ. ತಳದ ಗಾಜಿಗೆ ಅಂಟಿ ಕುಳಿತಿತ್ತೆಂದು ನೀವು ಬರೆದದ್ದನ್ನು ಓದಿದಾಗ ನನಗೆ ನಿಜಕ್ಕೂ ಸಂಕಟವಾಯಿತು. ಮ್ಯಾಟನ್ನು ತೆಗೆದು ತೊಟ್ಟಿಯ ಒಂದು ಪಕ್ಕದ ಗೋಡೆಗೆ, ಮಣ್ಣಿನ ಮಟ್ಟಕ್ಕಿಂತ ಮೇಲೆ, ಹೊರಗಿನಿಂದ ಅಂಟಿಸಿ; ಬಿಸಿಯನ್ನು ಮಿತಿಯಲ್ಲಿಡುವ ಥರ್ಮೋಸ್ಟಾಟ್ ಇಲ್ಲದೆ ಅದನ್ನು ಎಂದೂ ಉರಿಸಬೇಡಿ. ಹಗಲಿನಲ್ಲಿ 24ರಿಂದ 28 ಡಿಗ್ರಿ, ರಾತ್ರಿ 20ಕ್ಕಿಂತ ಕೆಳಗಿಳಿಯದಿದ್ದರೆ ಸಾಕು. ಚಾಕೊದ ಬೇಸಿಗೆಯಲ್ಲಿ 40 ಡಿಗ್ರಿ ದಾಟುತ್ತದಲ್ಲವೇ ಎಂದು ಕೆಲವರು ಕೇಳುತ್ತಾರೆ, ಆದರೆ ಅಲ್ಲಿನ ಕಪ್ಪೆಗೆ ಆಳವಾದ ತಂಪು ಮಣ್ಣಿದೆ, ಗಾಜಿನ ಪೆಟ್ಟಿಗೆಯಲ್ಲಿ ಅದಿಲ್ಲ.

ತೊಗಟೆಯ ಚೂರುಗಳನ್ನು ಪೂರ್ತಿ ತೆಗೆಯಿರಿ. ಈ ಕಪ್ಪೆ ಬೇಟೆಯೊಂದಿಗೆ ಸಿಕ್ಕಿದ್ದನ್ನೆಲ್ಲ ನುಂಗುತ್ತದೆ. ಚೂರು, ಜಲ್ಲಿಗಳು ಕರುಳಿನಲ್ಲಿ ಸಿಕ್ಕಿಕೊಳ್ಳುತ್ತವೆ. ಗೊಬ್ಬರ ಬೆರೆಸದ ಕೋಕೋಪೀಟ್ (ತೆಂಗಿನ ನಾರಿನ ಪುಡಿ) ತಂದು ಕನಿಷ್ಠ 10 ಸೆಂಟಿಮೀಟರ್ ದಪ್ಪಕ್ಕೆ ತುಂಬಿ. ಎಷ್ಟು ಒದ್ದೆಯಿರಬೇಕೆಂಬುದರಲ್ಲೇ ಹೆಚ್ಚಿನವರು ಎಡವುತ್ತಾರೆ: ಒಂದು ಮುಷ್ಟಿ ಹಿಂಡಿದಾಗ ಉಂಡೆಯಾಗಿ ನಿಲ್ಲಬೇಕು, ಒಂದೆರಡು ಹನಿಗಿಂತ ಹೆಚ್ಚು ನೀರು ಬೀಳಬಾರದು. ಮೇಲೆ ಸಿಂಪಡಿಸಿದ ನೀರು ನಿಮ್ಮ ಊರಿನ ಚಳಿಗಾಲದಲ್ಲಿ, ಮನೆಯ ಹೀಟರ್ ಗಾಳಿಗೆ, ಗಂಟೆಗಳಲ್ಲಿ ಆರಿಹೋಗುತ್ತದೆ. ಅದರ ಬದಲು ಮೂಲೆಯೊಂದರಲ್ಲಿ ನಿಧಾನವಾಗಿ ನೀರು ಹೊಯ್ದರೆ ಅದು ಕೆಳಗಿಳಿದು ತಳದ ಪದರವನ್ನು ತಂಪಾಗಿಡುತ್ತದೆ. ಜಾಲರಿ ಮುಚ್ಚಳದ ಮುಕ್ಕಾಲು ಭಾಗವನ್ನು ಪ್ಲಾಸ್ಟಿಕ್ ಹಾಳೆಯಿಂದ ಮುಚ್ಚಿ, ಗಾಳಿಗೆ ಕಾಲು ಭಾಗ ಬಿಡಿ. ಮುಳ್ಳಿನ ಮಾಪಕವನ್ನು ನಾನು ನಂಬುವುದಿಲ್ಲ. ಡಿಜಿಟಲ್ ಮಾಪಕದಲ್ಲಿ 60ರಿಂದ 80 ಶೇಕಡ ಕಾಣಬೇಕು.

ಆದರೆ ಈ ಭಯದಿಂದ ಕೆಸರು ಮಾಡಿಬಿಡಬೇಡಿ. ಕಪ್ಪೆಯ ಮಲಮೂತ್ರದಿಂದ ಅಮೋನಿಯ ಹುಟ್ಟುತ್ತದೆ, ನೀರು ಹೀರುವ ಅದೇ ಚರ್ಮ ಅದನ್ನೂ ಹೀರುತ್ತದೆ. ನನ್ನ ಮೊದಲ ಕಪ್ಪೆ ಹಾಗೆಯೇ ಕಾಲು ಸೆಟೆದು ನಡುಗಿತ್ತು. ಶುದ್ಧ ನೀರನ್ನು ಮತ್ತೆಮತ್ತೆ ಬದಲಿಸಿ ಕೂರಿಸಿದ ಮೇಲೆ ಉಳಿಯಿತು. ಕೊಳೆಯನ್ನು ಕಂಡ ದಿನವೇ ತೆಗೆಯಿರಿ, ಕೋಕೋಪೀಟನ್ನು ತಿಂಗಳಿಗೊಮ್ಮೆ ಪೂರ್ತಿ ಬದಲಿಸಿ.

ಚಿಗುರು ಬರೆಯುತ್ತಾರೆ:

ನಾಲ್ಕು ದಿನಗಳ ನಂತರ ಬರೆಯುತ್ತಿದ್ದೇನೆ. ನೀವು ಹೇಳಿದ್ದೆಲ್ಲ ಆಗಿದೆ. ತೇವಾಂಶ 72ರಲ್ಲಿ ನಿಂತಿದೆ. ನಿನ್ನೆ ಒಂದು ಎರೆಹುಳುವನ್ನು ತಿಂದಿತು. ಮಗಳು ಕೈಯಿಂದಲೇ ತಿನ್ನಿಸುತ್ತೇನೆ ಎನ್ನುತ್ತಾಳೆ. ನೀರಿನ ತಟ್ಟೆ ಇಡಲೇ? ಬೇಸಿಗೆಯಲ್ಲಿ ಮತ್ತೆ ಮೂರು ವಾರ ಊರಿಗೆ ಹೋಗಬೇಕಾಗಿದೆ.

ಕೆರೆದಂಡೆ ಬರೆಯುತ್ತಾರೆ:

ಕೈಯಿಂದ ಖಂಡಿತ ಬೇಡ. 2017ರಲ್ಲಿ ಪ್ರಕಟವಾದ ಅಳತೆಯ ಪ್ರಕಾರ, 4.5 ಸೆಂಟಿಮೀಟರ್ ಅಗಲದ ತಲೆಯಿರುವ ಇದೇ ಕುಲದ ಕಪ್ಪೆಯ ಕಡಿತದ ಬಲ ಸುಮಾರು 30 ನ್ಯೂಟನ್, ಅಂದರೆ ಮೂರು ಕಿಲೋ ಭಾರದಷ್ಟು. ತುದಿ ಮೆತ್ತಗಿರುವ ಉದ್ದದ ಚಿಮಟವನ್ನು ಮಗುವಿನ ಕೈಗೆ ಕೊಡಿ. ಬೆಳೆದ ಕಪ್ಪೆಗೆ ವಾರಕ್ಕೆ ಒಂದೆರಡು ಬಾರಿ ಎರೆಹುಳು ಅಥವಾ ಕ್ಯಾಲ್ಸಿಯಂ ಪುಡಿ ಸವರಿದ ಕ್ರಿಕೆಟ್ ಹುಳು ಸಾಕು. ಇಲಿಮರಿ ಕೊಟ್ಟು ಬೊಜ್ಜು ಬರಿಸಬೇಡಿ. ತಟ್ಟೆ ಇಡಿ, ನೀರು ಕಪ್ಪೆಯ ಗದ್ದಕ್ಕಿಂತ ಕೆಳಗಿರಲಿ, ದಿನವೂ ಬದಲಿಸಿ.

ಊರಿಗೆ ಹೋಗುವಾಗ ಸ್ನೇಹಿತರು ನಡುವೆ ಒಮ್ಮೆ ಹುಳು ಹಾಕಿದರೂ ಸಾಕು, ಆರೋಗ್ಯವಂತ ಕಪ್ಪೆ ಎರಡು ವಾರ ಉಪವಾಸವಿರಬಲ್ಲದು. ಆದರೆ ತಟ್ಟೆಯ ನೀರನ್ನು ದಿನಬಿಟ್ಟು ದಿನವಾದರೂ ಬದಲಿಸಿ, ಕೋಕೋಪೀಟನ್ನು ಮುಷ್ಟಿಯಲ್ಲಿ ಹಿಂಡಿ ನೋಡುವಂತೆ ಅವರನ್ನು ಕೇಳಿಕೊಳ್ಳಿ, ಹೊರಡುವ ಮೊದಲು ನೀವೇ ಒಮ್ಮೆ ಮಾಡಿ ತೋರಿಸಿ. ಕಂಡೀಷನರ್ ಬೆರೆಸಿದ ನೀರನ್ನು ಕ್ಯಾನ್‌ನಲ್ಲಿ ತುಂಬಿ, ಹೆಸರು ಬರೆದು ತೊಟ್ಟಿಯ ಪಕ್ಕದಲ್ಲೇ ಇಟ್ಟುಹೋಗಿ.