ದಡದಿಂದ, ಜೆಟ್ಟಿಯಿಂದ ಗಾಳ ಹಾಕುವಾಗ ಮೀನು ಹತ್ರ ಬರೋ ಹಾಗೆ ಏನ್ ಮಾಡ್ತೀರಿ? ಅನುಭವ ಇರೋರು ಹೇಳಿ

ದೋಣಿ ಇಲ್ಲ, ಸಮುದ್ರದ ದಡದಲ್ಲೋ ಜೆಟ್ಟಿ ಮೇಲೋ ನಿಂತೇ ಗಾಳ ಹಾಕೋದು. ಮೀನಿನ ತುಂಡು ನೀರಿಗೆ ಎಸೆದ್ರೆ ವಾಸನೆಗೆ ಮೀನು ಬರ್ತಾವೆ ಅಂತಾರೆ, ನಾನೂ ಹಿಡಿ ಹಿಡಿ ಎಸೀತಾ ಇದ್ದೀನಿ, ಆದ್ರೆ ಬರೋದೆಲ್ಲ ಬೆರಳುದ್ದದ ಮರಿಗಳು, ಎರೆ ಕಿತ್ತು ತಿಂದು ಖಾಲಿ ಗಾಳ ಬಿಡ್ತಾವೆ. ನೀವು ಏನ್ ಹಾಕ್ತೀರಿ, ಎಷ್ಟು, ಯಾವಾಗ?

*

ಏನ್ ಹಾಕ್ತೀರಿ ಅನ್ನೋದು ಆಮೇಲೆ ಸಾರ್, ಹಾಕಿದ್ದು ಎಲ್ಲಿಗೆ ಹೋಗ್ತಿದೆ ನೋಡಿ ಮೊದಲು. ಜೆಟ್ಟಿ ಕೆಳಗೆ 5 ಮೀಟರ್ ಆಳ ಇದೆ, ತುಂಡು ಸೆಕೆಂಡಿಗೆ 10 ಸೆಂಟಿಮೀಟರ್ ಮುಳುಗುತ್ತೆ ಅಂತ ಇಟ್ಕೊಳ್ಳಿ, ತಳ ಮುಟ್ಟೋಕೆ 50 ಸೆಕೆಂಡ್ ಬೇಕು, ಅಷ್ಟರಲ್ಲಿ ಸೆಕೆಂಡಿಗೆ ಅರ್ಧ ಮೀಟರ್ ಸೆಳೆತ ಇದ್ರೂ ಅದು 25 ಮೀಟರ್ ಆಚೆ ಹೋಗಿ ಬಿದ್ದಿರುತ್ತೆ. ನಿಮ್ಮ ಗಾಳ ಕಾಲ್ ಬುಡದಲ್ಲಿ, ಊಟ ಅಲ್ಲೆಲ್ಲೋ. ಎಸೆಯೋದು ಬಿಟ್ಟು ಈರುಳ್ಳಿ ಬರೋ ಬಲೆ ಚೀಲಕ್ಕೆ ತುಂಬಿ, ಒಳಗೆ ಒಂದು ಕಲ್ಲು ಹಾಕಿ, ಹಗ್ಗ ಕಟ್ಟಿ ತಳಕ್ಕೆ ಹತ್ರ ಇಳಿಬಿಡಿ. ಗಾಳ ಹಾಕೋದು ಚೀಲದಿಂದ ಸೆಳೆತ ಹೋಗೋ ಕಡೆಗೆ, ವಾಸನೆ ಹೋಗೋ ಗೆರೆಯಲ್ಲೇ. ಮೀನು ಆ ಗೆರೆ ಹಿಡ್ಕೊಂಡು ಎದುರು ಈಜ್ತಾ ಬರೋದು, ಚೀಲಕ್ಕಿಂತ ಮೊದಲು ನಿಮ್ಮ ಎರೆ ಸಿಗ್ಬೇಕು ಅದಕ್ಕೆ. ಆಗಾಗ ಹಗ್ಗ ಎರಡು ಸಲ ಜಗ್ಗಿ ಬಿಡಿ, ರಸ ಬಿಡ್ತಾ ಇರುತ್ತೆ. ಉಬ್ಬರ ಇಳಿತ ತಿರುಗಿದಾಗ ಸೆಳೆತಾನೂ ತಿರುಗುತ್ತೆ, ಆಗ ಗಾಳ ಈ ಕಡೆಯಿಂದ ಆ ಕಡೆಗೆ ಬದಲಾಯಿಸ್ಬೇಕು, ಸುಮಾರು ಜನ ಇದನ್ನ ಮರ್ತೇ ಬಿಡ್ತಾರೆ.

*

ಮೇಲಿನವರು ಹೇಳಿದ್ದು ಸರಿ. ನಂದು ಫ್ರೀಜರ್ ವಿಧಾನ. ಬೂತಾಯಿ, ಬಂಗಡೆ ಥರ ಎಣ್ಣೆ ಜಾಸ್ತಿ ಇರೋ ಮೀನಿನ ತಲೆ ಕರುಳು, ಸಿಗಡಿ ಸಿಪ್ಪೆ, ಎಲ್ಲಾ ಕೊಚ್ಚಿ ಡಬ್ಬಕ್ಕೆ ಹಾಕಿ ಮಧ್ಯ ಹಗ್ಗದ ಗಂಟು ಮುಳುಗಿಸಿ ಗಟ್ಟಿ ಮಾಡ್ತೀನಿ. ಐಸ್ ತೇಲುತ್ತೆ, ಅದಕ್ಕೆ ಕಲ್ಲು ಮರೀಬೇಡಿ. ಕರಗ್ತಾ ಕರಗ್ತಾ ತಾನೇ ಬಿಡ್ತಾ ಹೋಗುತ್ತೆ, ನೀವು ಗಾಳ ನೋಡ್ಕೊಂಡು ಕೂತ್ಕೋಬಹುದು. ಫ್ರೀಜರಲ್ಲಿ ಮುಚ್ಚಳ ಬಿಗಿ ಇರ್ಲಿ, ಇಲ್ಲಾಂದ್ರೆ ಮನೆಯವರು ನಿಮ್ಮನ್ನೂ ಡಬ್ಬಾನೂ ಒಟ್ಟಿಗೇ ಆಚೆ ಹಾಕ್ತಾರೆ 😄 ಇನ್ನೊಂದು, ನೀರ ಮೇಲೆ ಎಣ್ಣೆ ಹರಡಿದ್ದು ನೋಡಿ ಖುಷಿ ಪಡ್ಬೇಡಿ, ಎಣ್ಣೆ ಮೇಲೇ ತೇಲುತ್ತೆ, ತಳದ ಮೀನಿಗೆ ಮುಟ್ಟೋದು ನೀರಲ್ಲಿ ಕರಗೋ ರಸ. ತಳಕ್ಕೇ ಹೋಗ್ಬೇಕು ಅಂದ್ರೆ ಕೊಚ್ಚಿದ್ದಕ್ಕೆ ಒದ್ದೆ ಮರಳು, ತವುಡು ಕಲಸಿ ಉಂಡೆ ಮಾಡಿ ಹಾಕಿ.

*

ನಾನು ಸ್ವಲ್ಪ ಬೇರೆ ಮಾತು ಹೇಳ್ತೀನಿ, ಬೇಜಾರಾಗ್ಬೇಡಿ. ಮರಳು ದಡದಲ್ಲಿ ಇಷ್ಟೆಲ್ಲ ಮಾಡೋ ಅಗತ್ಯ ಕಡಿಮೆ, ಅಲ್ಲಿ ಅಲೆಗಳೇ ಮರಳು ಕೆದಕಿ ಏಡಿ, ಹುಳ, ಚಿಪ್ಪು ಎಲ್ಲಾ ಎಬ್ಬಿಸ್ತಾವೆ, ಮೀನು ಅದಕ್ಕೇ ಬರೋದು. ನೀರು ಪೂರ್ತಿ ಇಳಿದಾಗ ಹೋಗಿ ದಡ ನೋಡ್ಕೊಂಡು ಬನ್ನಿ, ಎಲ್ಲಿ ಗುಂಡಿ ಇದೆ, ಎಲ್ಲಿ ದಿಬ್ಬ ಒಡೆದು ಕಾಲುವೆ ಥರ ಆಗಿದೆ ಅಂತ. ನೀರು ಏರುವಾಗ ಅಲೆ ಮುರಿಯದೆ ಕಪ್ಪಗೆ ಕಾಣೋ ಜಾಗ ಅದೇ. ಎಷ್ಟೋ ಸಲ ಅದು ದಡಕ್ಕೆ ತೀರಾ ಹತ್ರ ಇರುತ್ತೆ, ಜನ ಅದನ್ನ ದಾಟಿಸಿ ದೂರ ದೂರ ಎಸೀತಾರೆ. ಚೀಲ ಇಡ್ಲೇಬೇಕು ಅಂದ್ರೆ ಗೂಟ ಹೊಡೆದು ಅಲೆ ಬಂದು ತೊಳೆದು ಹೋಗೋ ಜಾಗದಲ್ಲಿ ಕಟ್ಟಿ, ಸಾಕು.

*

ರಾತ್ರಿ ಹೋಗೋರಿಗೆ: ಜೆಟ್ಟಿ ಲೈಟ್ ನೀರಿಗೆ ಬೀಳ್ತಿದ್ರೆ ಬೇರೆ ಏನೂ ಹಾಕೋದೇ ಬೇಡ. ಬೆಳಕಿಗೆ ಸಣ್ಣ ಜೀವಿಗಳು, ಅವಕ್ಕೆ ಮರಿ ಮೀನು, ಮರಿಗೆ ದೊಡ್ಡವು. ಆದ್ರೆ ದೊಡ್ಡವು ಬೆಳಕಿನ ಮಧ್ಯ ನಿಲ್ಲಲ್ಲ, ನೆರಳಿನ ಅಂಚಲ್ಲಿ ಕಾಯ್ತಾವೆ, ಎರೆ ಕತ್ತಲಿಂದ ಬೆಳಕಿನ ಅಂಚಿಗೆ ಎಳ್ಕೊಂಡು ಬನ್ನಿ. ಟಾರ್ಚ್ ಅತ್ತಿಂದಿತ್ತ ಆಡಿಸ್ಬೇಡಿ.

*

ಯಾರೂ ಹೇಳ್ಲಿಲ್ಲ ಅಂತ ಹೇಳ್ತಿದ್ದೀನಿ, ಮೀನು ಕರೆಯೋಕೆ ಹೀಗೆ ತುಂಡು, ರಸ ನೀರಿಗೆ ಹಾಕೋ ಮುಂಚೆ ಆ ಜಾಗದ ರೂಲ್ಸ್ ಕೇಳಿ. ಫ್ಲೋರಿಡಾದಲ್ಲಿ 2019ರಿಂದ ಬೀಚ್‌ನಿಂದ ಯಾವ ಮೀನಿಗೇ ಆಗ್ಲಿ ಹೀಗೆ ಹಾಕೋ ಹಾಗೇ ಇಲ್ಲ, ಶಾರ್ಕ್ ದಡಕ್ಕೆ ಬರುತ್ತೆ ಅಂತ. ಪಶ್ಚಿಮ ಆಸ್ಟ್ರೇಲಿಯಾದಲ್ಲಿ ಇದಕ್ಕೆ ಸಸ್ತನಿ, ಹಕ್ಕಿಗಳ ರಕ್ತ, ಕರುಳು ಬಳಸೋಕೆ ಬಿಡಲ್ಲ. ರೂಲ್ಸ್ ಇಲ್ದಿದ್ರೂ ಈಜೋರು ಇರೋ ಕಡೆ ಬೇಡವೇ ಬೇಡ. ಸಿಕ್ಕಾಪಟ್ಟೆ ಸುರಿದ್ರೆ ತೊರಕೆ (ಸ್ಟಿಂಗ್‌ರೇ) ಬಂದು ಸೇರ್ಕೊಳ್ಳುತ್ತೆ, ಅದರ ಬಾಲದ ಮುಳ್ಳು ತಮಾಷೆ ಅಲ್ಲ.

*

ಥ್ಯಾಂಕ್ಸ್ ಎಲ್ರಿಗೂ, ಚೀಲ ಇವತ್ತೇ ರೆಡಿ ಮಾಡ್ತೀನಿ. ಆದ್ರೆ ಈ ಮರಿಗಳ ಕಾಟಕ್ಕೆ ಏನ್ ಮಾಡೋದು?

*

ಕಾಟ ಅಲ್ಲ ಸಾರ್, ಮರಿ ಬಂತು ಅಂದ್ರೆ ಅರ್ಧ ಕೆಲ್ಸ ಆಯ್ತು. ಮೆತ್ತಗಿನ ಸಿಗಡಿ ಬಿಟ್ಟು ಸಿಪ್ಪೆ ಗಟ್ಟಿ ಇರೋ ಏಡಿ ತುಂಡು ಅಥವಾ ಬೊಂಡಾಸ್ (ಸ್ಕ್ವಿಡ್) ಪಟ್ಟಿ ಸಿಕ್ಕಿಸಿ, ಅವು ಅಷ್ಟು ಬೇಗ ಕೀಳೋಕಾಗಲ್ಲ. ಇಲ್ಲಾಂದ್ರೆ ಸಣ್ಣ ಗಾಳದಲ್ಲಿ ಒಂದು ಮರೀನೇ ಹಿಡೀರಿ, ಹಿಡಿಯೋ ಸೈಜಿಗೆ ಅಲ್ಲಿ ಮಿತಿ ಇಲ್ದಿದ್ರೆ ಮಾತ್ರ, ಬೆನ್ನಿನ ರೆಕ್ಕೆ ಮುಂದೆ ಗಾಳ ಆಳಕ್ಕೆ ಹೋಗದ ಹಾಗೆ ಚುಚ್ಚಿ ಜೀವಂತ ಬಿಡಿ, ಬೆನ್ನುಮೂಳೆಗೆ ತಾಗ್ಬಾರ್ದು. ಹಿಂಡಿನಿಂದ ಸ್ವಲ್ಪ ಹೊರಗೆ, ಸ್ವಲ್ಪ ಕೆಳಗೆ ಇರ್ಲಿ. ಮರಿಗಳು ಇದ್ದಕ್ಕಿದ್ದ ಹಾಗೆ ಚೆಲ್ಲಾಪಿಲ್ಲಿ ಆದ್ವು ಅಂದ್ರೆ ಫೋನ್ ಜೇಬಿಗೆ ಹಾಕಿ ರಾಡ್ ಕೈಗೆ ತಗೊಳ್ಳಿ.